ಓಡುವವರ ನಡುವೆ ಹಾದಿ

ಪಕ್ಕದ ಕುರ್ಚಿಯಲ್ಲಿ ಕುಳಿತವರಿಗೆ ಮೊಬೈಲ್‌ನಿಂದ ಸಂದೇಶ ಕಳಿಸಿದರೂ ಅದು ಟವರ್ ಹತ್ತಿ, ಎಲ್ಲೋ ದೂರದ ಸರ್ವರ್ ಮುಟ್ಟಿ, ಮತ್ತೆ ಟವರ್ ಇಳಿದು ಬರುತ್ತದೆ. ಟವರ್ ಕೆಟ್ಟರೆ ಎರಡಡಿ ದೂರದ ಫೋನೂ ಮೂಕ. ಟವರನ್ನೇ ಬಿಟ್ಟು, ಒಂದು ಸಾಧನದಿಂದ ಇನ್ನೊಂದಕ್ಕೆ ಸಂದೇಶ ದಾಟಿಸುತ್ತ ಹೋಗುವ ಜಾಲವೇ ಅಡ್‌ಹಾಕ್ ಜಾಲ. ಅಮೆರಿಕದ ಸೇನೆಗಾಗಿ 1970ರ ದಶಕದಲ್ಲೇ ಇದರ ಪ್ರಯೋಗ ಶುರುವಾಗಿತ್ತು. ಇದರಲ್ಲಿ ತೊಡಕು ಒಂದೇ: ಅಂಚೆಯವನೂ ಓಡುತ್ತಿದ್ದಾನೆ, ವಿಳಾಸದಾರನೂ ಓಡುತ್ತಿದ್ದಾನೆ. ಹಾಗಿದ್ದರೆ ಹಾದಿ ಹುಡುಕುವುದು ಹೇಗೆ?

ಮೊದಲ ಉಪಾಯ, ಎಲ್ಲರ ಬಳಿಯೂ ಊರಿನ ಪಟ್ಟಿ ಸದಾ ಸಿದ್ಧವಿರಲಿ ಎನ್ನುವುದು. ಯಾರು ಎಷ್ಟು ಹೆಜ್ಜೆ, ಎಂದರೆ ಎಷ್ಟು ದಾಟುಗಳಷ್ಟು, ದೂರ ಎಂಬ ತನ್ನ ಪಟ್ಟಿಯನ್ನು ಪ್ರತಿ ಸಾಧನವೂ ಆಗಾಗ ನೆರೆಯವರಿಗೆ ಸಾರುತ್ತದೆ. ಆದರೆ ಇಲ್ಲಿ ಗಾಳಿಸುದ್ದಿಯ ಕಾಟವಿದೆ. ರಾಮನ ಪಕ್ಕ ಭೀಮ, ಭೀಮನ ಪಕ್ಕ ಸೋಮ ಎಂದಿಟ್ಟುಕೊಳ್ಳಿ. ಸೋಮ ಎದ್ದು ಹೋದ. ಭೀಮ ಅವನನ್ನು ಹುಡುಕುವಾಗ ರಾಮ, ‘ಸೋಮ ನನ್ನಿಂದ ಎರಡೇ ಹೆಜ್ಜೆ’ ಎನ್ನುತ್ತಾನೆ. ಆ ಸುದ್ದಿ ಬಂದದ್ದು ಭೀಮನಿಂದಲೇ ಎಂಬುದು ಇಬ್ಬರಿಗೂ ನೆನಪಿಲ್ಲ. ಭೀಮ ‘ಹಾಗಾದರೆ ನನಗೆ ಮೂರು’ ಎಂದು ಬರೆದುಕೊಳ್ಳುತ್ತಾನೆ, ಅದನ್ನು ಕೇಳಿ ರಾಮ ನಾಲ್ಕು ಎನ್ನುತ್ತಾನೆ, ಲೆಕ್ಕ ಏರುತ್ತಲೇ ಹೋಗುತ್ತದೆ. 1994ರಲ್ಲಿ ಪರ್ಕಿನ್ಸ್ ಮತ್ತು ಭಾಗವತ್ ರೂಪಿಸಿದ ಡಿಎಸ್‌ಡಿವಿ ಎಂಬ ವಿಧಾನ ಇದಕ್ಕೆ ಸರಳ ಮದ್ದು ಕಂಡುಕೊಂಡಿತು. ತನ್ನ ಸುದ್ದಿಗೆ ಸೋಮನೇ ಕ್ರಮಸಂಖ್ಯೆ ಹಾಕುತ್ತಾನೆ. ಹಳೆಯ ಸಂಖ್ಯೆಯ ಸುದ್ದಿಯನ್ನು ಯಾರೂ ನಂಬುವುದಿಲ್ಲ.

ಎರಡನೆಯ ಉಪಾಯ, ಬೇಕಾದಾಗಷ್ಟೇ ವಿಚಾರಿಸುವುದು. ‘ಸೋಮನನ್ನು ಕಂಡಿರಾ?’ ಎಂದು ಕೂಗಿದರೆ ಕೇಳಿದವರೆಲ್ಲ ಒಮ್ಮೆ ಕೂಗುತ್ತಾರೆ, ಕೂಗು ಬಂದ ದಾರಿಯಲ್ಲೇ ಉತ್ತರ ಮರಳುತ್ತದೆ. ಡಿಎಸ್‌ಆರ್ ಎಂಬ ವಿಧಾನದಲ್ಲಿ ಪೂರ್ತಿ ಹಾದಿಯನ್ನು ಲಕೋಟೆಯ ಮೇಲೆ ಬರೆಯುತ್ತಾರೆ. ಎಒಡಿವಿ ಎಂಬ ಇನ್ನೊಂದರಲ್ಲಿ ಪ್ರತಿಯೊಬ್ಬರೂ ‘ಮುಂದಿನವನು ಯಾರು’ ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಡಿಎಸ್‌ಡಿವಿಯ ಕ್ರಮಸಂಖ್ಯೆಯೂ ಇಲ್ಲಿಗೆ ಬಂದು ಸೇರಿದೆ. ಡಿಎಸ್‌ಆರ್ ಆಚೀಚಿನ ಮಾತುಗಳಿಗೂ ಕಿವಿಗೊಟ್ಟು ಹಾದಿಗಳನ್ನು ಕಲಿಯುತ್ತದೆ. ಈ ಚಾಳಿ ನನಗೆ ಇಷ್ಟ, ಆದರೆ ಕದ್ದು ಕೇಳಿದ್ದು ಹಳಸುವುದೂ ಬೇಗ.

ಯಾವುದು ಮೇಲು? 1998ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಕಂಪ್ಯೂಟರಿನೊಳಗೆ 1500 ಮೀಟರ್ ಉದ್ದ, 300 ಮೀಟರ್ ಅಗಲದ ಬಯಲು ಮಾಡಿ, ಅದರಲ್ಲಿ 50 ಸಾಧನಗಳನ್ನು ಓಡಾಡಲು ಬಿಟ್ಟರು. ಪ್ರತಿಯೊಂದೂ ಒಂದು ಗುರಿಯನ್ನೂ ಒಂದು ವೇಗವನ್ನೂ ಚೀಟಿ ಎತ್ತಿದಂತೆ ಆರಿಸಿ, ಅಲ್ಲಿಗೆ ಹೋಗಿ, ಕೊಂಚ ನಿಂತು, ಮತ್ತೆ ಚೀಟಿ ಎತ್ತಬೇಕು. ಗರಿಷ್ಠ ವೇಗ ಸೆಕೆಂಡಿಗೆ 20 ಮೀಟರ್, ಆಟದ ಅವಧಿ 900 ಸೆಕೆಂಡ್. ಹೆಚ್ಚು ಹೊತ್ತು ನಿಲ್ಲುವವರ ನಡುವೆ ಡಿಎಸ್‌ಡಿವಿ ಸೊಗಸಾಗಿ ನಡೆಯಿತು. ನಿಲುಗಡೆ 300 ಸೆಕೆಂಡಿಗಿಂತ ಕಡಿಮೆಯಾದಾಗ ಅದರ ಪಟ್ಟಿ ಸದಾ ಹಿಂದೆ ಬೀಳತೊಡಗಿತು. ಡಿಎಸ್‌ಆರ್ ಎಲ್ಲ ವೇಗದಲ್ಲೂ ಗೆದ್ದಿತು, ಎಒಡಿವಿ ಅದರ ಬೆನ್ನಿಗೇ ಇತ್ತು, ಆದರೆ ಗದ್ದಲ ಜಾಸ್ತಿ. ಟೋರಾ ಎಂಬ ನಾಲ್ಕನೆಯದು 30 ಕಡೆಯಿಂದ ಸಂದೇಶಗಳು ಹೊರಟಾಗ ತನ್ನದೇ ಹರಟೆಯ ಭಾರಕ್ಕೆ ಕುಸಿಯಿತು.

ಆದರೆ ಆ ಚೀಟಿಯಲ್ಲೇ ಒಂದು ಎಡವಟ್ಟಿತ್ತು. ವೇಗ ಸೊನ್ನೆಯಿಂದ 20ರವರೆಗೆ ಯಾವುದೂ ಆಗಬಹುದು ಎಂದಿತ್ತಷ್ಟೆ. ಸೆಕೆಂಡಿಗೆ 10 ಸೆಂಟಿಮೀಟರ್ ಎಂಬ ಚೀಟಿ ಎತ್ತಿದವನಿಗೆ 500 ಮೀಟರ್ ಸವೆಸಲು 5000 ಸೆಕೆಂಡ್ ಬೇಕು; ಆಟ ಮುಗಿಯುವುದು 900ಕ್ಕೇ. ವೇಗದ ಚೀಟಿ ಸಿಕ್ಕವನು ಬೇಗ ಮುಟ್ಟಿ ಮತ್ತೆ ಎತ್ತುತ್ತಾನೆ, ಎಂದಾದರೊಮ್ಮೆ ಆಮೆಯ ಚೀಟಿ ಅವನ ಕೈಗೂ ಬರುತ್ತದೆ, ಅಲ್ಲಿಗೆ ಅವನೂ ಸಿಕ್ಕಿಬಿದ್ದ. ಹೀಗೆ ಆಟ ಸಾಗಿದಂತೆಲ್ಲ ಇಡೀ ಬಯಲೇ ನಿಧಾನವಾಗುತ್ತದೆ, ಸರಾಸರಿ ವೇಗ ಸೊನ್ನೆಯತ್ತ ಜಾರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಮೂವರು ಇದನ್ನು 2003ರಲ್ಲಿ ತೋರಿಸಿಕೊಟ್ಟರು. ಅಷ್ಟರಲ್ಲಿ ಇದೇ ಚೀಟಿಯ ಆಟವನ್ನು ನೆಚ್ಚಿ ಸಾಕಷ್ಟು ಪ್ರಬಂಧಗಳು ಅಚ್ಚಾಗಿದ್ದವು. ಪರಿಹಾರ ತೀರಾ ಸಣ್ಣದು: ಕನಿಷ್ಠ ವೇಗವನ್ನು ಸೊನ್ನೆಗಿಂತ ಮೇಲಿಡುವುದು.

ಅದೇ ವರ್ಷ ಎಂಐಟಿಯ ತಂಡವೊಂದು ನಿಜವಾದ ರೇಡಿಯೊಗಳ ಜಾಲದಲ್ಲಿ ಇನ್ನೊಂದು ಹುಳುಕು ಕಂಡಿತು. ಈ ವಿಧಾನಗಳೆಲ್ಲ ಕಡಿಮೆ ಹೆಜ್ಜೆಯ ಹಾದಿಯನ್ನೇ ಒಳ್ಳೆಯದೆಂದು ಬಗೆದಿದ್ದವು. ಹೆಜ್ಜೆ ಕಡಿಮೆಯಾಗಬೇಕೆಂದರೆ ಒಂದೊಂದು ಹೆಜ್ಜೆಯೂ ಉದ್ದವಾಗಬೇಕು, ಉದ್ದ ಹೆಜ್ಜೆ ಎಂದರೆ ಕ್ಷೀಣ ಸಂಕೇತ. ಆ ತಂಡ ಹೆಜ್ಜೆ ಎಣಿಸುವುದನ್ನು ಬಿಟ್ಟು, ಸಂದೇಶ ದಾಟಲು ಸರಾಸರಿ ಎಷ್ಟು ಸಲ ಕಳಿಸಬೇಕಾಗುತ್ತದೆ ಎಂದು ಎಣಿಸಿತು.

ಓಡುವವರಿಗಾಗಿ ಹುಟ್ಟಿದ ಎಒಡಿವಿ ಈಗ ಹೆಚ್ಚಾಗಿ ನೆಲೆಸಿರುವುದು ಜಿಗ್‌ಬೀ ಎಂಬ ಕಿರುರೇಡಿಯೊ ಬಳಸುವ ಸಾಧನಗಳಲ್ಲಿ, ಬದಲಾದ ರೂಪದಲ್ಲಿ. ಮನೆಯ ಸ್ಮಾರ್ಟ್ ಬಲ್ಬು, ಸ್ವಿಚ್ಚುಗಳು ಒಂದರಿಂದೊಂದಕ್ಕೆ ಸಂದೇಶ ದಾಟಿಸುವಾಗ ಹಾದಿ ಕೇಳುವುದು ಅದೇ ಕ್ರಮದಲ್ಲಿ. ಅವು ಗೋಡೆಗೆ ಮೊಳೆ ಹೊಡೆದು ಕೂರಿಸಿದ ಸಾಧನಗಳು.