ಸುನ್ನತಿ ಆಗಿ 3 ವಾರ ಆಯ್ತು, ಊತ ಇಳಿದಿಲ್ಲ. ನಂಜಾಗಿದೆಯಾ?

ಪ್ರಶ್ನೆ: ಆಪರೇಷನ್ ಆಗಿ 3 ವಾರ ಕಳೆಯಿತು. ನೋವಿಲ್ಲ, ಜ್ವರ ಇಲ್ಲ, ಹೊಲಿಗೆಯೂ ಬಹುಪಾಲು ಉದುರಿದೆ. ಆದರೆ ತುದಿಯ ಕೆಳಗೆ ಬಳೆ ಹಾಕಿದ ಹಾಗೆ ಊದಿಕೊಂಡಿದೆ. ನಂಜಾಗಿದೆಯಾ? ಆಂಟಿಬಯೋಟಿಕ್ ಮತ್ತೆ ಶುರು ಮಾಡಲಾ?

ಉತ್ತರ: ನೀವು ಹೇಳಿದ ಲಕ್ಷಣಕ್ಕೆ ನಂಜು ಅನ್ನೋಕಾಗಲ್ಲ. ನೀವಾಗಿ ಮಾತ್ರೆ ಶುರು ಮಾಡಬೇಡಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಮತ್ತೆ ಬರೆಯುತ್ತೇನೆ. ಕೇಳುವವರು ಪ್ರತಿ ಸಲ ಹೊಸಬರು, ಅವರ ಭಯವೂ ಹೊಸದು. ರಾತ್ರಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಮೊಬೈಲ್ ಟಾರ್ಚ್ ಹಿಡಿದು ನೋಡಿಕೊಳ್ಳುವವರ ಗಾಬರಿ ನನಗೆ ಗೊತ್ತು. ಕೈಗೆ ಗಾಯ ಆದರೆ ನಾಲ್ಕು ಜನಕ್ಕೆ ತೋರಿಸಿ ಕೇಳಬಹುದು. ಇದನ್ನು ಯಾರಿಗೆ ತೋರಿಸೋದು, ಅಲ್ವಾ?

ಮೊದಲು ಆ ಬಳೆ ಎಲ್ಲಿಂದ ಬಂತು ನೋಡೋಣ. ನಮ್ಮ ಚರ್ಮದಲ್ಲಿ ರಕ್ತನಾಳಗಳ ಜೊತೆಗೆ ಇನ್ನೊಂದು ಜಾಲವೂ ಇದೆ. ಅಂಗಾಂಶಗಳ ನಡುವೆ ಸೇರುವ ನೀರಿನಂಥ ದ್ರವವನ್ನು, ಅಂದರೆ ದುಗ್ಧರಸವನ್ನು, ಅದು ಹಿಂದಕ್ಕೆ ಸಾಗಿಸುತ್ತದೆ. ಶಿಶ್ನದ ಚರ್ಮದ ದುಗ್ಧರಸ ತೊಡೆಸಂದಿನ ಕಡೆಗೆ ಹರಿಯುತ್ತದೆ. ಸುನ್ನತಿಯಲ್ಲಿ ಮುಂದೊಗಲನ್ನು ಸುತ್ತಲೂ ಕತ್ತರಿಸುತ್ತಾರೆ, ಹಾಗಾಗಿ ಆ ಗೆರೆ ದಾಟಿ ಹೋಗುವ ಸಣ್ಣ ಕಾಲುವೆಗಳೆಲ್ಲ ಒಂದೇ ಸಲಕ್ಕೆ ತುಂಡಾಗುತ್ತವೆ. ಹೊಲಿಗೆ ಗೆರೆಗೂ ತುದಿಗೂ ನಡುವೆ ಉಳಿದ ಚರ್ಮದ ಪಟ್ಟಿಗೆ ರಕ್ತ ಬರುತ್ತಲೇ ಇರುತ್ತದೆ, ಆದರೆ ನೀರು ಆಚೆ ಹೋಗುವ ದಾರಿ ಸದ್ಯಕ್ಕೆ ಮುಚ್ಚಿರುತ್ತದೆ. ಅಲ್ಲೇ ನಿಂತುಬಿಡುತ್ತದೆ. ಗಾಯದ ಗೆರೆ ದಾಟಿ ಹೊಸ ಕಾಲುವೆ ಬೆಳೆಯೋಕೆ ವಾರಗಟ್ಟಲೆ ಬೇಕು. ಕೆಳಭಾಗದಲ್ಲಿ, ತುದಿಯನ್ನು ಚರ್ಮಕ್ಕೆ ಕಟ್ಟಿಟ್ಟ ಹಾಗಿರುವ ಆ ತೆಳು ಪಟ್ಟಿಯ ಹತ್ತಿರ, ಊತ ಜಾಸ್ತಿ ಯಾಕೆ ಅಂದರೆ ಅಲ್ಲಿ ಚರ್ಮ ಸಡಿಲ, ನೀರು ಇಳಿದು ನಿಲ್ಲುವ ಜಾಗವೂ ಅದೇ. ಒಳಚರ್ಮ ಸ್ವಲ್ಪ ಜಾಸ್ತಿ ಉಳಿಸಿ ಹೊಲಿದಿದ್ದರೆ ಬಳೆ ಇನ್ನೂ ದಪ್ಪ ಕಾಣುತ್ತದೆ. ಅದು ಡಾಕ್ಟರ್ ಮಾಡಿದ ತಪ್ಪಲ್ಲ.

ಊತ ಮೊದಲ 3-4 ದಿನ ಏರುತ್ತದೆ. 2-3 ವಾರದಲ್ಲಿ ಬಹುಪಾಲು ಇಳಿಯುತ್ತದೆ. ಉಳಿದದ್ದು 6 ವಾರದಿಂದ 3 ತಿಂಗಳು, ಕೆಲವರಿಗೆ ಅದಕ್ಕೂ ಮೇಲೆ ಎಳೆಯುತ್ತದೆ.

ಈಗ ನಂಜಿನ ಮಾತು. "ಊತ ಅಂದರೆ ನಂಜು" ಅನ್ನೋದು ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಆಪರೇಷನ್ ಮಾಡಿದವರೇ "ಇದು ಸಹಜ" ಅಂದರೂ ಜನ ನಂಬಲ್ಲ. ನಂಜಾದ ಗಾಯಕ್ಕೆ ಒಂದು ನಡೆ ಇದೆ. ಅದು ದಿನದಿಂದ ದಿನಕ್ಕೆ ಕೆಡುತ್ತದೆ. ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುತ್ತದೆ. ಕೆಂಪು ಬಣ್ಣ ಹೊಲಿಗೆಯನ್ನು ದಾಟಿ ಬುಡದ ಕಡೆಗೆ ಹಬ್ಬುತ್ತದೆ. ಮುಟ್ಟಿದರೆ ಬಿಸಿ, ವಾಸನೆಯ ಕೀವು, ಮೈ ಕಾವು. ನಿಮ್ಮ ಬಳೆಗೆ ಇದರಲ್ಲಿ ಒಂದಾದರೂ ಇದೆಯಾ? ಕೈ ತೊಳೆದುಕೊಂಡು ಬೆರಳ ತುದಿಯಿಂದ ಅದನ್ನು ಮೆಲ್ಲಗೆ ಒತ್ತಿ, ಹತ್ತು ಎಣಿಸಿ ಬಿಡಿ. ಸಾಮಾನ್ಯವಾಗಿ ಸಣ್ಣ ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಳ್ಳುತ್ತದೆ, ನೋವಾಗಲ್ಲ. ಬೆಳಗ್ಗೆ ಎದ್ದಾಗ ಕಡಿಮೆ, ಇಡೀ ದಿನ ಓಡಾಡಿದ ಮೇಲೆ ಸಂಜೆಗೆ ಜಾಸ್ತಿ. ನೀರು ನಿಂತ ಊತದ ಗುರುತು ಅದು. ಕೀವು ಹೀಗೆ ಬೆಳಗ್ಗೆ ಇಳಿದು ಸಂಜೆ ಏರುವುದಿಲ್ಲ.

ಆಂಟಿಬಯೋಟಿಕ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅಷ್ಟೇ. ಹೊಸ ಕಾಲುವೆ ಬೆಳೆಸಲ್ಲ. ಸುಮ್ನೆ ನುಂಗಿದರೆ ಹೊಟ್ಟೆ ಕೆಡುತ್ತದೆ, ಅದೇ ಜಾಗದಲ್ಲಿ ಫಂಗಸ್ ಬೆಳೆಯೋಕೂ ದಾರಿಯಾಗುತ್ತದೆ. ಆಮೇಲೆ ತುರಿಕೆ, ಬಿಳಿ ಪದರ, ಮತ್ತೊಂದು ಗಾಬರಿ. ಮೊದಲ ವಾರದಲ್ಲಿ ತುದಿಯ ಮೇಲೆ ತೆಳ್ಳಗೆ ಕಾಣುವ ಹಳದಿ ಪೊರೆಯನ್ನೂ ತುಂಬಾ ಜನ ಕೀವು ಅಂದುಕೊಂಡು ಹತ್ತಿಯಿಂದ ಉಜ್ಜಿ ತೆಗೆಯುತ್ತಾರೆ. ದಯವಿಟ್ಟು ಉಜ್ಜಬೇಡಿ. ಅದು ಮಾಯುತ್ತಿರುವ ಗಾಯದ ಪೊರೆ, ಉಜ್ಜಿದರೆ ಹಸಿ ಗಾಯ ತೆರೆದುಕೊಳ್ಳುತ್ತದೆ. ಬಿಸಿ ಶಾಖ ಕೊಡುವುದು, ಘಾಟು ಆಂಟಿಸೆಪ್ಟಿಕ್ ಸುರಿಯುವುದು, ಊತ ಇಳಿಸೋಕೆ ಬಟ್ಟೆ ಬಿಗಿದು ಸುತ್ತುವುದು, ಇವೂ ಬೇಡ.

ಏನು ಮಾಡಬೇಕು ಅಂದರೆ, ಮೈಗೆ ಹಿಡಿಯುವ ಚಡ್ಡಿ ಹಾಕಿ, ಶಿಶ್ನ ಹೊಟ್ಟೆಯ ಕಡೆ ಮೇಲ್ಮುಖವಾಗಿ ಇರುವ ಹಾಗೆ ನೋಡಿಕೊಳ್ಳಿ. ಕೆಳಗೆ ಜೋತುಬಿದ್ದರೆ ನೀರೂ ಕೆಳಗೇ ನಿಲ್ಲುತ್ತದೆ. ಇಷ್ಟು ಚಿಕ್ಕ ವಿಷಯ ಎಷ್ಟು ಕೆಲಸ ಮಾಡುತ್ತದೆ ಅಂತ ಮಾಡಿ ನೋಡಿದವರಿಗೇ ಗೊತ್ತು. ಸಂಭೋಗ, ಹಸ್ತಮೈಥುನ ಎರಡೂ 6 ವಾರ ಬೇಡ. ಮೇಲೆ ಚರ್ಮ ಕೂಡಿದ ಹಾಗೆ ಕಂಡರೂ ಒಳಗೆ ಇನ್ನೂ ಗಟ್ಟಿಯಾಗಿರಲ್ಲ. ರಾತ್ರಿ ತಾನಾಗೇ ಆಗುವ ನಿಮಿರುವಿಕೆ ನಿಮ್ಮ ಕೈಯಲ್ಲಿಲ್ಲ, ಎದ್ದು ಮೂತ್ರ ಮಾಡಿ ನಾಲ್ಕು ಹೆಜ್ಜೆ ಓಡಾಡಿ, ಇಳಿಯುತ್ತದೆ. ಊತವನ್ನು ದಿನಕ್ಕೆ ಹತ್ತು ಸಲ ನೋಡಬೇಡಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ ನೋಡಿ, ಆಗ ವ್ಯತ್ಯಾಸ ಕಾಣುತ್ತದೆ.

ಕಾಯದೆ ಡಾಕ್ಟರ ಹತ್ತಿರ ಓಡಬೇಕಾದ ಸಂದರ್ಭಗಳೂ ಇವೆ. ಮೇಲೆ ಹೇಳಿದ ನಂಜಿನ ಲಕ್ಷಣಗಳು, ಕೆಲವೇ ಗಂಟೆಗಳಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಉಬ್ಬುವುದು, 10 ನಿಮಿಷ ಬಿಡದೆ ಒತ್ತಿ ಹಿಡಿದರೂ ನಿಲ್ಲದ ರಕ್ತ, ಮೂತ್ರ ಕಟ್ಟುವುದು, ತುದಿ ನೀಲಿ ಅಥವಾ ಕಪ್ಪಾಗುವುದು. ಇನ್ನು 3 ತಿಂಗಳಾದರೂ ಊತ ಸ್ವಲ್ಪವೂ ಇಳಿಯದಿದ್ದರೆ ನಿಧಾನಕ್ಕೆ ಹೋಗಿ ತೋರಿಸಿದರೆ ಸಾಕು.

ನೀವು ಕೇಳದ ಒಂದು ವಿಷಯ ನಾನೇ ಕೇಳುತ್ತೇನೆ. ಆಪರೇಷನ್ ಯಾಕೆ ಮಾಡಿಸಿಕೊಂಡಿರಿ? ಮೊದಲೆಲ್ಲ ಸರಾಗವಾಗಿ ಹಿಂದೆ ಸರಿಯುತ್ತಿದ್ದ ಮುಂದೊಗಲು ದೊಡ್ಡವರಾದ ಮೇಲೆ ಬಿಗಿಯಾಗಿ, ಅಂಚಿನಲ್ಲಿ ಸಣ್ಣ ಸೀಳು ಬಿಟ್ಟು, ಉರಿ ತುರಿಕೆ ಮತ್ತೆ ಮತ್ತೆ ಬರುತ್ತಿತ್ತಾ? ಹಾಗಿದ್ದರೆ ಸಕ್ಕರೆ ಕಾಯಿಲೆಯನ್ನು ನೋಡಲೇಬೇಕು. ರಕ್ತದಲ್ಲಿ ಸಕ್ಕರೆ ಏರಿದಾಗ ಅದು ಮೂತ್ರಕ್ಕೂ ಬರುತ್ತದೆ, ಮುಂದೊಗಲಿನ ಕೆಳಗಿನ ತೇವದಲ್ಲಿ ಫಂಗಸ್ಸಿಗೆ ಅದೇ ಊಟ. ಎಷ್ಟೋ ಗಂಡಸರಲ್ಲಿ ಕಾಯಿಲೆಯ ಮೊದಲ ಸುಳಿವು ಸಿಗುವುದೇ ಇಲ್ಲಿ. ಈಗಾಗಲೇ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ ಅವೂ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ನೀವಾಗಿ ನಿಲ್ಲಿಸಬೇಡಿ, ಆದರೆ ಮಾತ್ರೆ ಬರೆದುಕೊಟ್ಟವರಿಗೆ ಈ ತೊಂದರೆ ಹೇಳಿ. ಸಕ್ಕರೆ ಜಾಸ್ತಿ ಇದ್ದರೆ ಗಾಯ ಮಾಯುವುದೂ ನಿಧಾನ. ಆಪರೇಷನ್‌ಗೆ ಮುಂಚೆ ಮಾಡಿಸಿದ ರಕ್ತ ಪರೀಕ್ಷೆಯ ರಿಪೋರ್ಟ್ ಮನೆಯಲ್ಲೇ ಎಲ್ಲೋ ಇರುತ್ತದೆ. ಹುಡುಕಿ ಸಕ್ಕರೆಯ ಅಂಕಿ ನೋಡಿ. ಎಚ್‌ಬಿಎ1ಸಿ, ಅಂದರೆ ಹಿಂದಿನ 2-3 ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ, 6.5% ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಊತಕ್ಕಿಂತ ಮೊದಲು ಅದನ್ನು ಡಾಕ್ಟರಿಗೆ ತೋರಿಸಿ.