ಕ್ಯಾಟರ್‌ಬಿಲ್ಲು: ರಬ್ಬರು ನೋಡಿ ಕೊಳ್ಳಿ, ಗುರಿಯ ಹಿಂದೆ ಬಟ್ಟೆ ಕಟ್ಟಿ

ಕ್ಯಾಟರ್‌ಬಿಲ್ಲು ಕೊಳ್ಳುವಾಗ ನಮ್ಮ ಕಣ್ಣು ಮೊದಲು ಹೋಗುವುದು ಅದರ ಕವಲಿನ ಮೇಲೆ. ಮರದ್ದಾ, ಉಕ್ಕಿನದ್ದಾ, ಹಿಡಿ ಚೆನ್ನಾಗಿದೆಯಾ ಅಂತ. ಆದರೆ ಗುಂಡನ್ನು ಎಸೆಯುವುದು ರಬ್ಬರು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ, ಬಿಸಿಲಿಗೆ ಅಂಟಾಗದ, ಚಳಿಗೆ ಸೆಟೆದುಕೊಳ್ಳದ ರಬ್ಬರು ಮಾಡುವ ದಾರಿ ಕಂಡುಕೊಂಡರು. ಎಷ್ಟು ಸಲ ಎಳೆದು ಬಿಟ್ಟರೂ ಮೊದಲಿನ ಅಳತೆಗೆ ಮರಳುವ ರಬ್ಬರು ಸಿಕ್ಕ ಮೇಲೆಯೇ ಈ ಆಟಿಕೆಗೆ ಜೀವ ಬಂತು.

ಒಂದು ಅಗಲವಾದ ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಥಟ್ಟನೆ ಎಳೆದು ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಎರಡೂ ತುದಿ ಬಿಡದೆ ಸಡಿಲಿಸಿ ಮತ್ತೆ ತಾಗಿಸಿ. ಈಗ ತಣ್ಣಗಿರುತ್ತದೆ. ರಬ್ಬರಿನೊಳಗೆ ಉದ್ದುದ್ದ ಅಣುಸರಪಳಿಗಳು ಸಿಕ್ಕಾದ ದಾರದ ಹಾಗೆ ಮುದುಡಿಕೊಂಡಿರುತ್ತವೆ. ಎಳೆದಾಗ ಅವು ನೆಟ್ಟಗಾಗುತ್ತವೆ, ರಬ್ಬರು ಬಿಸಿಯಾಗುತ್ತದೆ. ಎಳೆದು ಹಿಡಿದುಕೊಂಡೇ ನಿಂತರೆ ಆ ಬಿಸಿ ಗಾಳಿಗೆ ಸೋರಿಹೋಗುತ್ತದೆ, ಸೆಳೆತವೂ ಕಡಿಮೆಯಾಗುತ್ತದೆ. ಗುರಿ ನೋಡುತ್ತಾ ತುಂಬ ಹೊತ್ತು ಹಿಡಿದರೆ ಕೈ ನಡುಗುವುದಷ್ಟೇ ಅಲ್ಲ, ಗುಂಡೂ ನಿಧಾನವಾಗಿ ಹೋಗಿ ಕೆಳಗೆ ಬೀಳುತ್ತದೆ. ಎಳೆಯಿರಿ, ಕೆನ್ನೆಗೆ ತಾಗಿಸಿ, ಗುರಿ ಕೂಡಿತಾ, ಬಿಡಿ.

ದಪ್ಪ ರಬ್ಬರು ಜಾಸ್ತಿ ವೇಗ ಕೊಡುತ್ತದೆ ಅನ್ನುವುದು ಅರ್ಧ ಮಾತ್ರ ನಿಜ. ರಬ್ಬರು ಗುಂಡಿನ ಜೊತೆಗೆ ತನ್ನ ಭಾರವನ್ನೂ ಮುಂದಕ್ಕೆ ಎಳೆದುಕೊಂಡು ಹೋಗಬೇಕು ಅಲ್ವಾ? ಹಗುರ ಗುಂಡಿಗೆ ದಪ್ಪ ಪಟ್ಟಿ ಕಟ್ಟಿದರೆ ಶಕ್ತಿಯ ದೊಡ್ಡ ಪಾಲು ಪಟ್ಟಿಗೇ ಖರ್ಚಾಗುತ್ತದೆ. ಕಲಿಯುವವರಿಗೆ ನಾನು ಹೇಳುವುದು ರಬ್ಬರು ಮರದ ಹಾಲಿನಿಂದ ಮಾಡಿದ ತೆಳುವಾದ ಚಪ್ಪಟೆ ಲ್ಯಾಟೆಕ್ಸ್ ಪಟ್ಟಿ. ಗುಂಡು ಹಿಡಿಯುವ ಚರ್ಮದ ಕಡೆಗೆ ಅದು ಸ್ವಲ್ಪ ಕಿರಿದಾಗಿದ್ದರೆ ಇನ್ನೂ ಒಳ್ಳೆಯದು. ಕವಲಿನಿಂದ ಕೆನ್ನೆಯವರೆಗೆ ನಿಮ್ಮ ಎಳೆತ 80 ಸೆಂಟಿಮೀಟರ್ ಇದ್ದರೆ, ಎಳೆಯದ ಪಟ್ಟಿ 16 ಸೆಂಟಿಮೀಟರ್‌ಗಿಂತ ಗಿಡ್ಡ ಇರಬಾರದು. ಅಂದರೆ ಐದು ಪಟ್ಟು ಹಿಗ್ಗಿದರೆ ಸಾಕು. ಕವಲು ಗಿಡ್ಡವಾಗಿರಲಿ. 5 ಕಿಲೋ ಸೆಳೆತ ಮುಷ್ಟಿಯಿಂದ 10 ಸೆಂಟಿಮೀಟರ್ ಎತ್ತರದಲ್ಲಿ ಬಿದ್ದಾಗ ಮಣಿಕಟ್ಟು ಎಷ್ಟು ತಿರುಚುತ್ತದೋ, 5 ಸೆಂಟಿಮೀಟರ್‌ನಲ್ಲಿ ಬಿದ್ದಾಗ ಅದರ ಅರ್ಧ ಮಾತ್ರ.

ಬಿಲ್ಲು ಕೊಳ್ಳುವ ಮೊದಲೇ ಗುಂಡು ಎಲ್ಲಿ ನಿಲ್ಲಬೇಕು ಅಂತ ಯೋಚಿಸಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. 9.5 ಮಿಲಿಮೀಟರ್ ಉಕ್ಕಿನ ಗುಂಡು ಮೂರೂವರೆ ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೋದರೆ ಅದರಲ್ಲಿ ಸುಮಾರು 6 ಜೂಲ್ ಶಕ್ತಿ ಇರುತ್ತದೆ. ಕಣ್ಣು ಕಳೆಯಲು ಅಷ್ಟು ಧಾರಾಳ ಸಾಕು. ಗಟ್ಟಿ ಹಲಗೆ ಆ ಗುಂಡನ್ನು 2 ಮಿಲಿಮೀಟರ್‌ನಲ್ಲಿ ನಿಲ್ಲಿಸಿದರೆ ಸರಾಸರಿ 300 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಸಡಿಲವಾಗಿ ನೇತುಹಾಕಿದ ಬಟ್ಟೆ 20 ಸೆಂಟಿಮೀಟರ್ ಹಿಂದಕ್ಕೆ ಸರಿದು ನಿಲ್ಲಿಸಿದರೆ 3 ಕಿಲೋ ಮಾತ್ರ. ಅದಕ್ಕೇ ಹಳೆಯ ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ, ಗುರಿಯ ಹಿಂದಿಟ್ಟ ಆಳವಾದ ಪೆಟ್ಟಿಗೆಯೊಳಗೆ ಮೇಲಿನಿಂದ ನೇತುಹಾಕಿ. ಕೆಳಗಿನ ಅಂಚು ಕಟ್ಟಬೇಡಿ. ಗುಂಡು ಬಟ್ಟೆಗೆ ಬಡಿದು, ಸುಸ್ತಾಗಿ, ಪೆಟ್ಟಿಗೆಯ ತಳಕ್ಕೆ ಬೀಳುತ್ತದೆ. ಗೋಡೆ, ಕಲ್ಲು, ಮರದ ಕಾಂಡಕ್ಕೆ ಹೊಡೆದರೆ ಅದೇ ಗುಂಡು ನಿಮ್ಮ ಕಡೆಗೇ ಹಾರಿ ಬರಬಹುದು. ನೀರಿನ ಮೇಲೂ ಅದು ಪುಟಿಯುತ್ತದೆ. ಗಾಜಿನ ಗೋಲಿ ಚೂರಾಗುತ್ತದೆ, ಅದು ಬೇಡವೇ ಬೇಡ. ಸುಮ್ನೆ ಆಕಾಶಕ್ಕೆ ಬಿಡುವುದೂ ಬೇಡ. ಗುಂಡು ನೂರು ಮೀಟರ್ ದಾಟಿ ಯಾರ ತಲೆಯ ಮೇಲೆ ಬೀಳುತ್ತದೋ ಯಾರಿಗೆ ಗೊತ್ತು?

ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಕನ್ನಡಕ ಹೊಡೆಯುವವರಿಗೂ ಬೇಕು, ಪಕ್ಕದಲ್ಲಿ ನಿಂತವರಿಗೂ ಬೇಕು. ಗುಂಡು ಕವಲಿಗೆ ತಾಗಿ ವಾಪಸು ಬರುವುದು ಕಲಿಯುವವರಿಗೆ ಸಾಮಾನ್ಯ. ಪಟ್ಟಿ ಕವಲಿನ ಗಂಟಿನಲ್ಲಿ ತುಂಡಾದರೆ ಅದು ಚಿಮ್ಮುವುದು ನೇರ ಮುಖಕ್ಕೇ. ಮಕ್ಕಳು ಆಡುವಾಗ ದೊಡ್ಡವರೊಬ್ಬರು ಜೊತೆಗಿರಲಿ. ಹಕ್ಕಿ, ಅಳಿಲು, ನಾಯಿ ಯಾವತ್ತೂ ಗುರಿಯಲ್ಲ.

ಮೊದಮೊದಲು ಐದಾರು ಮೀಟರ್ ದೂರ ಸಾಕು. 10 ಮೀಟರ್‌ಗೆ ಹೋದಾಗ ನೆಲ ಎಳೆಯುವುದು ಕಾಣತೊಡಗುತ್ತದೆ. ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೊರಟ ಗುಂಡು ಅಷ್ಟರೊಳಗೆ ಸುಮಾರು 14 ಸೆಂಟಿಮೀಟರ್ ಕೆಳಗಿಳಿದಿರುತ್ತದೆ, ಅಷ್ಟು ಮೇಲಕ್ಕೆ ಹಿಡಿಯಬೇಕು.

ಬಿಸಿಲು ಮತ್ತು ಗಾಳಿಯಲ್ಲಿರುವ ಓಝೋನ್ ಅನಿಲ ರಬ್ಬರಿನ ಸರಪಳಿಗಳನ್ನು ಕಡಿಯುತ್ತವೆ, ಹಾಗಾಗಿ ಬಿಲ್ಲನ್ನು ಕತ್ತಲಲ್ಲಿ, ತಂಪಾದ ಕಡೆ ಇಡಿ. ಪ್ರತಿ ಸಲ ಆಡುವ ಮುಂಚೆ ಪಟ್ಟಿಯನ್ನು ಸ್ವಲ್ಪ ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡಿ. ಚರ್ಮದ ಗಂಟಿನ ಹತ್ತಿರ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಎರಡೂ ಪಟ್ಟಿ ಬಿಚ್ಚಿ ಹೊಸದು ಕಟ್ಟಿ. ಒಂದನ್ನೇ ಬದಲಿಸಿದರೆ ಎರಡು ಕಡೆಯ ಸೆಳೆತ ಸಮ ಇರುವುದಿಲ್ಲ, ಗುಂಡು ಓರೆಯಾಗಿ ಹೋಗುತ್ತದೆ.