ಅಧ್ಯಕ್ಷ ಎಂಬ ಒಂದೇ ಪದ

ಪದವಿ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದಾಗ ಒಂದು ಪ್ರಶ್ನೆಯ ಉತ್ತರ ಹೇಗಿರುತ್ತದೆಂದು ಓದುವ ಮೊದಲೇ ನನಗೆ ಗೊತ್ತಿರುತ್ತದೆ. ‘ಭಾರತದ ರಾಷ್ಟ್ರಪತಿ ಮತ್ತು ಅಮೆರಿಕದ ಅಧ್ಯಕ್ಷರ ಅಧಿಕಾರಗಳನ್ನು ಹೋಲಿಸಿ.’ ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದಿರುತ್ತಾರೆ. ಎಡಕ್ಕೆ ನಮ್ಮವರು, ಬಲಕ್ಕೆ ಅವರು. ಇಬ್ಬರೂ ಸೇನೆಯ ಮಹಾದಂಡನಾಯಕರು, ಇಬ್ಬರೂ ಮಸೂದೆಗೆ ಸಹಿ ಹಾಕುವವರು, ಇಬ್ಬರಿಗೂ ಕ್ಷಮಾದಾನದ ಅಧಿಕಾರ. ಕೊನೆಗೆ ತೀರ್ಪು: ‘ಅಮೆರಿಕದ ಅಧ್ಯಕ್ಷರು ಪ್ರಬಲರು, ನಮ್ಮ ರಾಷ್ಟ್ರಪತಿ ದುರ್ಬಲರು.’ ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಸಾಲೂ ಸರಿ, ಅಂಕ ಕೊಡಲೇಬೇಕು. ಆದರೆ ಎರಡು ದೇಶಗಳ ಸರ್ಕಾರ ಹೇಗೆ ನಡೆಯುತ್ತದೆ ಎಂಬುದು ಆ ಮಗುವಿಗೆ ಒಂದು ಗುಲಗಂಜಿಯಷ್ಟೂ ತಿಳಿದಿರುವುದಿಲ್ಲ. ಇಂಥ ಪ್ರಶ್ನೆ ಕೇಳುವ ನಮ್ಮದೂ ತಪ್ಪಿದೆ ಎಂದು ಸಹೋದ್ಯೋಗಿಗಳ ಬಳಿ ಹಲವು ಸಲ ವಾದ ಮಾಡಿದ್ದೇನೆ.

ಇದೇ ಗೊಂದಲ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಎದುರಾಗುತ್ತದೆ. ‘ನಮಗೂ ಅಮೆರಿಕದ ಹಾಗೆ ಅಧ್ಯಕ್ಷರಿದ್ದಿದ್ದರೆ ಕೆಲಸ ಸರಸರ ಆಗುತ್ತಿತ್ತು’ ಎಂದು ಯಾರಾದರೂ ಹೇಳದೆ ಹೋಳಿಗೆ ಬಡಿಸಿ ಮುಗಿಯುವುದಿಲ್ಲ. ಹೇಳುವವರು ಓದಿದವರೇ, ದೇಶದ ಮೇಲೆ ಪ್ರೀತಿ ಇರುವವರೇ. ಅದಕ್ಕೇ ನನಗೆ ಸುಮ್ಮನಿರಲಾಗುವುದಿಲ್ಲ.

ತೊಡಕಿನ ಒಂದು ಭಾಗ ನಮ್ಮ ಭಾಷೆಯಲ್ಲೇ ಇದೆ. ಕನ್ನಡ ಪತ್ರಿಕೆಯನ್ನು ಬಿಡಿಸಿ ನೋಡಿ. ಅಮೆರಿಕದವರೂ ಅಧ್ಯಕ್ಷ, ಶ್ರೀಲಂಕಾದವರೂ ಅಧ್ಯಕ್ಷ, ದಕ್ಷಿಣ ಆಫ್ರಿಕಾದವರೂ ಅಧ್ಯಕ್ಷ, ಜರ್ಮನಿಯಲ್ಲಿ ಚಾನ್ಸಲರ್ ಅಲ್ಲದೆ ಇನ್ನೊಬ್ಬರು ಅಧ್ಯಕ್ಷ. ಒಳಪುಟಕ್ಕೆ ಹೋದರೆ ಪಕ್ಷದ ರಾಜ್ಯಾಧ್ಯಕ್ಷ, ನಿಗಮದ ಅಧ್ಯಕ್ಷ, ಗ್ರಾಮ ಪಂಚಾಯಿತಿ ಅಧ್ಯಕ್ಷೆ. ವಿಧಾನಸಭೆಯಲ್ಲಿ ಮಾತಿಗೆ ಎದ್ದು ನಿಂತವರು ‘ಮಾನ್ಯ ಅಧ್ಯಕ್ಷರೇ’ ಎಂದೇ ಶುರು ಮಾಡುತ್ತಾರೆ. ಇಷ್ಟು ಕಡೆ ದುಡಿಯುವ ಪದವನ್ನು ನಂಬಿಕೊಂಡು ದೇಶಗಳನ್ನು ಹೋಲಿಸಲು ಹೊರಟರೆ ದಾರಿ ತಪ್ಪುವುದು ಖಂಡಿತ.

ಈ ಎಚ್ಚರಿಕೆಯನ್ನು ಅಂಬೇಡ್ಕರ್ ಆರಂಭದಲ್ಲೇ ಕೊಟ್ಟಿದ್ದರು. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಕರಡನ್ನು ಮಂಡಿಸುತ್ತಾ, ನಮ್ಮ ರಾಷ್ಟ್ರಪತಿಯ ಹುದ್ದೆಯ ಹೆಸರು ಕೇಳಿದರೆ ಅಮೆರಿಕ ನೆನಪಾಗುತ್ತದೆ, ಆದರೆ ಹೆಸರು ಒಂದೇ (ಇಂಗ್ಲಿಷಿನಲ್ಲಿ ಎರಡೂ ‘ಪ್ರೆಸಿಡೆಂಟ್’) ಎಂಬುದನ್ನು ಬಿಟ್ಟರೆ ಎರಡು ಸರ್ಕಾರಗಳ ಸ್ವರೂಪದಲ್ಲಿ ಸಮಾನವಾದದ್ದು ಏನೂ ಇಲ್ಲ ಎಂದರು. ಮುಂದುವರಿದು, ಸರ್ಕಾರಕ್ಕೆ ಸ್ಥಿರತೆಯೂ ಬೇಕು, ಹೊಣೆಗಾರಿಕೆಯೂ ಬೇಕು, ಎರಡನ್ನೂ ಸಮಸಮವಾಗಿ ಕೊಡುವ ಪದ್ಧತಿಯನ್ನು ಇದುವರೆಗೆ ಯಾರೂ ರೂಪಿಸಲಾಗಿಲ್ಲ, ಕರಡು ಹೆಚ್ಚು ಹೊಣೆಗಾರಿಕೆಯನ್ನು ಆರಿಸಿಕೊಂಡಿದೆ ಎಂದರು. ಅಮೆರಿಕದಲ್ಲಿ ಸರ್ಕಾರದ ಪರೀಕ್ಷೆ ಅವಧಿಗೊಮ್ಮೆ, ಕರಡು ಆರಿಸಿಕೊಂಡ ಸಂಸದೀಯ ಪದ್ಧತಿಯಲ್ಲಿ, ಅಂದರೆ ಸಂಸತ್ತಿನ ವಿಶ್ವಾಸ ಇರುವವರೆಗೆ ಮಾತ್ರ ಸರ್ಕಾರ ಉಳಿಯುವ ಪದ್ಧತಿಯಲ್ಲಿ, ಅವಧಿಗೊಮ್ಮೆ ಮಾತ್ರವಲ್ಲ, ದಿನದಿನವೂ. ನಾನು ಇಪ್ಪತ್ತು ವರ್ಷಗಳಿಂದ ಪಾಠ ಮಾಡುತ್ತಿರುವುದು ಈ ‘ದಿನದಿನವೂ’ ಎಂಬ ಒಂದು ಮಾತನ್ನೇ ಎಂದರೂ ತಪ್ಪಾಗದು.

ಹಾಗಾಗಿ ಯಾವ ದೇಶದ ಸರ್ಕಾರವನ್ನು ತಿಳಿಯಬೇಕಿದ್ದರೂ ನನ್ನ ವಿದ್ಯಾರ್ಥಿಗಳು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸರ್ಕಾರ ನಡೆಸುವ ವ್ಯಕ್ತಿಯನ್ನು ಅವಧಿಯ ನಡುವೆ, ಏನೂ ತಪ್ಪು ಮಾಡದಿದ್ದರೂ, ಬರೀ ‘ನೀನು ಬೇಡ’ ಎಂದು ಶಾಸನಸಭೆ ಇಳಿಸಬಹುದೇ? ‘ತಪ್ಪು ಮಾಡದಿದ್ದರೂ’ ಎಂಬುದನ್ನು ಎರಡು ಸಲ ಅಡಿಗೆರೆ ಹಾಕಿ ಓದಿ. ಎಲ್ಲರೂ ಎಡವುವುದು ಅಲ್ಲೇ.

ಎರಡು ಮತದಾನಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 1999ರ ಏಪ್ರಿಲ್ 17ರಂದು ವಾಜಪೇಯಿ ಅವರು ಲೋಕಸಭೆಯಲ್ಲಿ ವಿಶ್ವಾಸಮತ ಕೋರಿದರು. ಪರ 269, ವಿರುದ್ಧ 270. ಸರ್ಕಾರ ಬಿತ್ತು. ಅವರ ಮೇಲೆ ಯಾವ ಅಪರಾಧವನ್ನೂ ಯಾರೂ ಸಾಬೀತು ಮಾಡಬೇಕಿರಲಿಲ್ಲ, ಸಾಕ್ಷಿಗಳ ವಿಚಾರಣೆ ಇರಲಿಲ್ಲ. ಸದನದ ವಿಶ್ವಾಸ ಇಲ್ಲ ಎಂಬುದೊಂದೇ ಸಾಕಾಯಿತು, ಅದೂ ಒಂದೇ ಮತದಿಂದ. ಇನ್ನು 1868ರ ಅಮೆರಿಕ. ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಮೇಲೆ ವಾಗ್ದಂಡನೆ, ಅಂದರೆ ತಪ್ಪಿನ ಆರೋಪ ಹೊರಿಸಿ ಮೇಲ್ಮನೆಯಾದ ಸೆನೆಟ್ ಮುಂದೆ ನಡೆಸುವ ವಿಚಾರಣೆ. ಸೆನೆಟ್‌ನಲ್ಲಿ 35 ಮಂದಿ ಅವರು ತಪ್ಪಿತಸ್ಥರೆಂದರು, 19 ಮಂದಿ ಅಲ್ಲವೆಂದರು. ಬಹುಮತ ಅವರ ವಿರುದ್ಧವೇ ಇತ್ತು. ಆದರೂ ಜಾನ್ಸನ್ ಕುರ್ಚಿಯಲ್ಲೇ ಉಳಿದರು. ಏಕೆಂದರೆ ಅಲ್ಲಿ ಬೇಕಾದದ್ದು ಮೂರನೇ ಎರಡರಷ್ಟು, ಅಂದರೆ 36 ಮತ. ಇಲ್ಲಿ ಒಂದು ಮತ ಇಳಿಸಿತು, ಅಲ್ಲಿ ಒಂದು ಮತ ಉಳಿಸಿತು. ಅಂದಿನಿಂದ ಕ್ಲಿಂಟನ್ ಒಮ್ಮೆ, ಟ್ರಂಪ್ ಎರಡು ಸಲ ವಾಗ್ದಂಡನೆ ಎದುರಿಸಿದರು. ಸೆನೆಟ್ ತಪ್ಪಿತಸ್ಥನೆಂದು ತೀರ್ಮಾನಿಸಿ ಇಳಿಸಿದ ಅಧ್ಯಕ್ಷ ಈವರೆಗೆ ಒಬ್ಬರೂ ಇಲ್ಲ. 1974ರಲ್ಲಿ ನಿಕ್ಸನ್ ತಾವಾಗಿ ರಾಜೀನಾಮೆ ಕೊಟ್ಟು ಹೋದರು.

ಆದ್ದರಿಂದ ವಾಗ್ದಂಡನೆ ಎಂದರೆ ಅಮೆರಿಕದ ಅವಿಶ್ವಾಸ ನಿರ್ಣಯ ಎಂದು ದಯವಿಟ್ಟು ಬರೆಯಬೇಡಿ. ಒಂದು ವಿಚಾರಣೆ, ಇನ್ನೊಂದು ಭರವಸೆಯ ಲೆಕ್ಕ. ಮನೆಯ ಬಾಡಿಗೆದಾರ ಕಳ್ಳತನ ಮಾಡಿದನೆಂದು ಕೋರ್ಟಿಗೆ ಹೋಗುವುದು ಬೇರೆ, ಮನೆ ನಮಗೆ ಬೇಕು, ಖಾಲಿ ಮಾಡಿ ಎನ್ನುವುದು ಬೇರೆ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವಳು ಒಬ್ಬ ವಿದ್ಯಾರ್ಥಿನಿ. ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಗದಗ ಕಡೆಯ ಹಳ್ಳಿಯ ಹುಡುಗಿ, ತಾಯಿ ಗ್ರಾಮ ಪಂಚಾಯಿತಿ ಸದಸ್ಯೆ. ತರಗತಿಯಲ್ಲಿ ಹಿಂದಿನ ಬೆಂಚು ಬಿಟ್ಟು ಮುಂದೆ ಬಂದವಳಲ್ಲ. ಅಂದು ನಾನು ಬೋರ್ಡಿನ ತುಂಬ ಬರೆದು ಸುಸ್ತಾಗಿ ಸೀಮೆಸುಣ್ಣ ಕೆಳಗಿಟ್ಟಾಗ ಎದ್ದು ನಿಂತಳು. ‘ಮೇಡಂ, ನಮ್ಮೂರ ಅಧ್ಯಕ್ಷರನ್ನು ಹೋದ ತಿಂಗಳು ಸದಸ್ಯರೇ ಇಳಿಸಿದರು.’ ಏನಾದರೂ ಅವ್ಯವಹಾರ ಮಾಡಿದ್ದರೇ ಎಂದು ಕೇಳಿದೆ. ‘ಇಲ್ಲ ಮೇಡಂ, ಸದಸ್ಯರಿಗೆ ಬೇಡವಾಗಿದ್ದರು, ಅಷ್ಟೇ. ಅವ್ವನೂ ಅವಿಶ್ವಾಸದ ಪರವಾಗಿ ಮತ ಹಾಕಿದಳು.’ ಸ್ವಲ್ಪ ತಡೆದು, ‘ಹಾಗಾದರೆ ನಮ್ಮೂರ ಅಧ್ಯಕ್ಷರು ಪ್ರಧಾನಿಗೆ ಹತ್ತಿರ, ಅಮೆರಿಕದ ಅಧ್ಯಕ್ಷರಿಗೆ ದೂರ’ ಎಂದಳು. ಇಡೀ ಪಾಠ ಅದರಲ್ಲಿತ್ತು. ಪಂಚಾಯಿತಿಯಲ್ಲಿ ಅವಿಶ್ವಾಸ ತರಲು ಕಾನೂನು ಒಡ್ಡುವ ಷರತ್ತುಗಳು ಬೇರೆಯೇ ಇವೆ, ಲೋಕಸಭೆಯ ಸರಳ ಬಹುಮತದ ನಿಯಮ ಅಲ್ಲಿಗೆ ಹೊಂದುವುದಿಲ್ಲ ಎಂದು ನಾನು ಸೇರಿಸಿದೆ. ಆದರೆ ಅವಳು ಹಿಡಿದ ಎಳೆ ಸರಿಯಾದದ್ದೇ.

ಅದೇ ಎಳೆ ಹಿಡಿದು ದಕ್ಷಿಣ ಆಫ್ರಿಕಾಕ್ಕೆ ಹೋಗಿ. ಅಲ್ಲಿ ರಾಷ್ಟ್ರದ ಮುಖ್ಯಸ್ಥರೂ ಸರ್ಕಾರದ ಮುಖ್ಯಸ್ಥರೂ ಒಬ್ಬರೇ, ಹೆಸರು ಅಧ್ಯಕ್ಷ. ನೋಡಲು ಅಮೆರಿಕದಂತೆಯೇ. ಆದರೆ ಅವರನ್ನು ಆರಿಸುವುದು ರಾಷ್ಟ್ರೀಯ ಸಭೆ, ಅವಿಶ್ವಾಸ ನಿರ್ಣಯದ ಮೂಲಕ ಇಳಿಸಬಹುದಾದದ್ದೂ ಅದೇ ಸಭೆ. 2018ರ ಫೆಬ್ರುವರಿಯಲ್ಲಿ ಜೇಕಬ್ ಜುಮಾ ರಾಜೀನಾಮೆ ಕೊಟ್ಟದ್ದು ಅಂಥ ಮತದಾನ ಹೊಸ್ತಿಲಲ್ಲಿದ್ದಾಗ. ಹೆಸರು ವಾಷಿಂಗ್ಟನ್‌ನದು, ನಡೆ ದೆಹಲಿಯದು. ಫ್ರಾನ್ಸ್ ಇನ್ನೊಂದು ಬಗೆ. ಅಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುತ್ತಾರೆ, ಪ್ರಧಾನಿ ಮಾತ್ರ ಸಭೆಯ ವಿಶ್ವಾಸಕ್ಕೆ ಕಟ್ಟುಬಿದ್ದವರು. 2024ರ ಡಿಸೆಂಬರ್‌ನಲ್ಲಿ ಬಾರ್ನಿಯೆ, 2025ರ ಸೆಪ್ಟೆಂಬರ್‌ನಲ್ಲಿ ಬೈರು ಬಿದ್ದರು. ಮ್ಯಾಕ್ರನ್ ಕುರ್ಚಿ ಅಲುಗಲಿಲ್ಲ.

ಟೆಕ್ಸಸ್‌ನಲ್ಲಿರುವ ನನ್ನ ಅಕ್ಕನ ಮಗ 2025ರ ಅಕ್ಟೋಬರ್‌ನಲ್ಲಿ ಫೋನ್ ಮಾಡಿದ. ‘ಚಿಕ್ಕಮ್ಮ, ಇಲ್ಲಿ ಸರ್ಕಾರ ಮುಚ್ಚಿದೆ. ಮುಂದೆ ಚುನಾವಣೆಯೇ?’ ಹದಿನೈದು ವರ್ಷ ಆ ದೇಶದಲ್ಲಿದ್ದರೂ ಅವನ ತಲೆಯೊಳಗೆ ಕೆಲಸ ಮಾಡುತ್ತಿದ್ದುದು ಬೆಂಗಳೂರಿನ ಪತ್ರಿಕೆ ಓದಿ ಬೆಳೆದ ಬುದ್ಧಿ. ನಮ್ಮಲ್ಲಿ ಖರ್ಚಿಗೆ ಹಣ ಕೊಡಲು ಲೋಕಸಭೆ ಒಪ್ಪದಿದ್ದರೆ ಅದು ಸರ್ಕಾರದ ಮೇಲೆ ವಿಶ್ವಾಸ ಹೋದ ಹಾಗೆ. ಸರ್ಕಾರ ಹೋಗುತ್ತದೆ, ಬೇರೆಯದು ಬರುತ್ತದೆ ಅಥವಾ ಚುನಾವಣೆ ಆಗುತ್ತದೆ. ಅಮೆರಿಕದಲ್ಲಿ ಹಣ ನಿಂತರೆ ನೌಕರರ ಸಂಬಳ ನಿಲ್ಲುತ್ತದೆ, ಕಚೇರಿಗಳ ಬಾಗಿಲು ಮುಚ್ಚುತ್ತದೆ, ಅಧ್ಯಕ್ಷರೂ ಕಾಂಗ್ರೆಸ್ಸೂ (ಅಲ್ಲಿನ ಸಂಸತ್ತು) ತಂತಮ್ಮ ಜಾಗದಲ್ಲೇ ಇರುತ್ತಾರೆ. ಆ ಸಲ 43 ದಿನ ಹಾಗೆ ನಡೆಯಿತು. ವಿಮಾನಗಳ ಸಂಚಾರ ನಿಯಂತ್ರಿಸುವವರು ಸಂಬಳ ಕೈಗೆ ಬಾರದೆ ಕೆಲಸ ಮಾಡಿದರು. ಅಧ್ಯಕ್ಷರಿದ್ದರೆ ಕೆಲಸ ಸರಸರ ಆಗುತ್ತದೆ ಎನ್ನುವವರಿಗೆ ನಾನು ಈ 43 ದಿನಗಳನ್ನು ನೆನಪಿಸುತ್ತೇನೆ. ಅಲ್ಲಿ ಅಧ್ಯಕ್ಷರ ಸ್ಥಾನ ಗಟ್ಟಿ, ಆದರೆ ಹಣದ ಚೀಲ ಇನ್ನೊಬ್ಬರ ಕೈಯಲ್ಲಿದೆ, ಆ ಇನ್ನೊಬ್ಬರ ಸ್ಥಾನವೂ ಅಷ್ಟೇ ಗಟ್ಟಿ.

ಇಷ್ಟು ಹೇಳಿದ್ದರಿಂದ ಸಂಸದೀಯ ಪದ್ಧತಿಯೇ ಮೇಲು ಎಂದು ನಾನು ತೀರ್ಪು ಕೊಟ್ಟೆನೆಂದು ತಿಳಿಯಬಾರದು. ದಿನದಿನದ ಪರೀಕ್ಷೆ ಇದೆ ಎಂದ ಮಾತ್ರಕ್ಕೆ ಅದು ಪ್ರಾಮಾಣಿಕವಾಗಿ ನಡೆಯುತ್ತದೆ ಎಂದಲ್ಲ. 1989ರಲ್ಲಿ ಬೊಮ್ಮಾಯಿ ಅವರಿಗೆ ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ಸರ್ಕಾರವನ್ನು ವಜಾ ಮಾಡಲಾಯಿತು. ತಲೆ ಎಣಿಕೆ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳುವಷ್ಟರಲ್ಲಿ 1994 ಬಂದಿತ್ತು. 2019ರ ಜುಲೈನಲ್ಲಿ ಕುಮಾರಸ್ವಾಮಿ ಅವರ ಸರ್ಕಾರ 99ಕ್ಕೆ 105ರಿಂದ ಬಿದ್ದಾಗ ಅದರ ಹಿಂದೆ ಶಾಸಕರ ರಾಜೀನಾಮೆಗಳ ಸರಣಿಯೇ ಇತ್ತು. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಸದಸ್ಯರು ವಿಪ್, ಅಂದರೆ ಪಕ್ಷದ ಆದೇಶ, ಮೀರಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಾಗಿರುವಾಗ ವಿಶ್ವಾಸಮತ ಎಷ್ಟರ ಮಟ್ಟಿಗೆ ಅವರ ಸ್ವಂತ ವಿಶ್ವಾಸ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಜರ್ಮನಿ ತನ್ನ ಅನುಭವದಿಂದ ಬೇರೆ ಬೀಗ ಹಾಕಿಕೊಂಡಿದೆ. ಚಾನ್ಸಲರ್ ಬೇಡ ಎಂದು ಇಳಿಸುವವರು ಅದೇ ಮತದಲ್ಲಿ ಮುಂದಿನ ಚಾನ್ಸಲರ್ ಯಾರೆಂದೂ ಆರಿಸಬೇಕು. 1982ರ ಅಕ್ಟೋಬರ್ 1ರಂದು ಶ್ಮಿಟ್ ಇಳಿದು ಕೋಲ್ ಬಂದದ್ದು ಹೀಗೆ, ಒಂದೇ ಮತದಾನದಲ್ಲಿ.

ಒಂದು ಪದ್ಧತಿಯ ಒಂದು ಕೊಂಡಿಯನ್ನಷ್ಟೇ ಕಳಚಿ ತಂದು ಇನ್ನೊಂದಕ್ಕೆ ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಸ್ರೇಲ್ ಇದೆ. ಮುಖ್ಯಮಂತ್ರಿಯನ್ನೂ ಪ್ರಧಾನಿಯನ್ನೂ ಜನರೇ ನೇರವಾಗಿ ಆರಿಸಿದರೆ ಕುದುರೆ ವ್ಯಾಪಾರ ನಿಲ್ಲುವುದಿಲ್ಲವೇ ಎಂದು ಕೇಳುವವರೆಲ್ಲ ಅದನ್ನು ಓದಬೇಕು. ಸಣ್ಣ ಪಕ್ಷಗಳ ಹಿಡಿತದಿಂದ ಪ್ರಧಾನಿಯನ್ನು ಬಿಡಿಸಲೆಂದು ಅಲ್ಲಿ 1996ರಲ್ಲಿ ಪ್ರಧಾನಿಗೆ ಪ್ರತ್ಯೇಕ ನೇರ ಚುನಾವಣೆ ಮಾಡಿದರು. ಆದರೆ ಸಂಸತ್ತಿನ ವಿಶ್ವಾಸದ ಕಟ್ಟನ್ನು ಹಾಗೆಯೇ ಉಳಿಸಿಕೊಂಡರು. ಮತದಾರರು ಪ್ರಧಾನಿಗೆಂದು ಒಂದು ಚೀಟಿ, ತಮ್ಮ ಮನಸ್ಸಿನ ಸಣ್ಣ ಪಕ್ಷಕ್ಕೆಂದು ಇನ್ನೊಂದು ಚೀಟಿ ಹಾಕಿದರು. ದೊಡ್ಡ ಪಕ್ಷಗಳು ಕರಗಿದವು, ಸಣ್ಣವು ಬೆಳೆದವು, ಪ್ರಧಾನಿಗೆ ಮೊದಲಿಗಿಂತ ಹೆಚ್ಚು ಜನರ ಮನೆ ಬಾಗಿಲು ತಟ್ಟುವ ಪಾಡು ಬಂತು. 1999ರಲ್ಲಿ, 2001ರಲ್ಲಿ ಮತ್ತೆ ಅದೇ ಕ್ರಮದಲ್ಲಿ ಆರಿಸಿ, ಆಮೇಲೆ ಹಳೆಯದಕ್ಕೇ ಹಿಂತಿರುಗಿದರು.

ಈ ವರ್ಷದ ತರಗತಿಯಲ್ಲಿ ಬೋರ್ಡಿನ ಮೇಲೆ ಎರಡು ಕಾಲಂ ಮಾಡಿಸಿದೆ: ಸಭೆ ಇಳಿಸಬಲ್ಲದು, ಇಳಿಸಲಾರದು. ಒಂದೊಂದು ದೇಶ ಹೇಳಿದಂತೆ ಹುಡುಗರೇ ಬಂದು ಬರೆದರು. ಫ್ರಾನ್ಸನ್ನು ಒಬ್ಬ ಗೆರೆಯ ಮೇಲೆಯೇ ಬರೆದ, ಸರಿ ಎಂದೆ. ಕೊನೆಗೆ ಮೊದಲ ಬೆಂಚಿನ ಹುಡುಗನೊಬ್ಬ ಸ್ವಿಟ್ಜರ್ಲೆಂಡ್ ಎಂದ. ಅಲ್ಲಿ ಸರ್ಕಾರ ಒಬ್ಬರದಲ್ಲ, ಏಳು ಜನರದು. ಅಧ್ಯಕ್ಷ ಪಟ್ಟ ವರ್ಷಕ್ಕೊಬ್ಬರಿಗೆ ಸುತ್ತುತ್ತದೆ. ಏಳು ಜನರನ್ನೂ ಆರಿಸುವುದು ಸಂಸತ್ತೇ, ಆದರೆ ಆರಿಸಿದ ಮೇಲೆ ನಾಲ್ಕು ವರ್ಷ ಅವಿಶ್ವಾಸ ತಂದು ಇಳಿಸುವಂತಿಲ್ಲ. ಅವನು ಸೀಮೆಸುಣ್ಣ ಹಿಡಿದು ಎಡಕ್ಕೆ ಹೋದ, ಬಲಕ್ಕೆ ಬಂದ, ನನ್ನ ಮುಖ ನೋಡಿದ.

‘ಯಾವುದರಲ್ಲಿ ಬರೆಯಲಿ, ಮೇಡಂ?’

ಇನ್ನೊಂದು ಗೆರೆ ಎಳೆ ಎಂದೆ.